ಜ್ವರ ತಲೆಗೇರಿದರೆ ತಡ ಮಾಡಬೇಡಿ
ಮೆದುಳಿನ ಒಳಕೋಣೆಗಳಿಗೆ ತಗಲುವ ಅಪರೂಪದ ಸೋಂಕಿನ ಬಗ್ಗೆ ಒಂದಿಷ್ಟು ತಿಳುವಳಿಕೆ



"ಜ್ವರ ತಲೆಗೇರಿದೆ" ಎಂಬ ಮಾತನ್ನು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕೇಳದವರಿಲ್ಲ. ಜ್ವರ ಬಂದವರು ಏನೇನೋ ಬಡಬಡಿಸಲು ಶುರು ಮಾಡಿದರೆ, ಮನೆಯವರ ಗುರುತು ಹಿಡಿಯದೇ ಹೋದರೆ ಹಿರಿಯರು ಹಾಗೆ ಹೇಳುತ್ತಾರೆ. ಕೆಲವರು ಸನ್ನಿ ಎನ್ನುತ್ತಾರೆ, ಇನ್ನು ಕೆಲವರು ಗಾಳಿ ಸೋಕಿದೆ ಎನ್ನುತ್ತಾರೆ. ಜ್ವರ ವಿಪರೀತ ಏರಿದಾಗ ಸ್ವಲ್ಪ ಹೊತ್ತು ಬಡಬಡಿಸಿ, ಜ್ವರ ಇಳಿದ ಮೇಲೆ ಸರಿಹೋಗುವುದುಂಟು. ಆದರೆ ಕೆಲವು ಸಲ ಹಿರಿಯರ ಮಾತು ಅಕ್ಷರಶಃ ನಿಜವಾಗಿರುತ್ತದೆ. ರೋಗಾಣು ನಿಜವಾಗಿಯೂ ತಲೆಗೆ ಏರಿರುತ್ತದೆ.

ಬ್ಯಾಕ್ಟೀರಿಯಾ ಎಂಬ ರೋಗಾಣು ಮೆದುಳಿನ ಮೇಲಿನ ಪೊರೆಗೆ ತಗಲಿದರೆ ಅದನ್ನು ಮೆನಿಂಜೈಟಿಸ್ ಎನ್ನುತ್ತಾರೆ. ಈ ಹೆಸರನ್ನು ಹಲವರು ಕೇಳಿದ್ದೀರಿ. ಅದೇ ರೋಗಾಣು ಇನ್ನೂ ಒಳಗೆ ಹೋಗಿ, ಮೆದುಳಿನ ನಡುವೆ ಇರುವ ನೀರಿನ ಕೋಣೆಗಳಲ್ಲಿ ಕೀವು ಮಾಡಿದರೆ ಅದನ್ನು ವೆಂಟ್ರಿಕ್ಯುಲೈಟಿಸ್ ಎನ್ನುತ್ತಾರೆ. ತಲೆಗೆ ಯಾವ ಆಪರೇಷನ್ನೂ ಆಗದ ವಯಸ್ಕರಲ್ಲಿ ಇದು ಬಹಳ ಅಪರೂಪ.

ಅಪರೂಪದ ಕಾಯಿಲೆ ಬಗ್ಗೆ ನಮಗ್ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣ ಇದೆ. ಒಂದು, ಇದರಲ್ಲಿ ದಿನಗಳ ಲೆಕ್ಕ ಇಲ್ಲ, ಗಂಟೆಗಳ ಲೆಕ್ಕ. ತಡವಾದರೆ ದುಡಿಯುವ ಮನುಷ್ಯನನ್ನೇ ಮನೆ ಕಳೆದುಕೊಳ್ಳುತ್ತದೆ. ಎರಡು, ಕಾಯಿಲೆ ಅಪರೂಪವಾದರೂ ಅದು ಒಳಗೆ ಬರುವ ಬಾಗಿಲುಗಳು ಅಪರೂಪವಲ್ಲ. ಸೋರುವ ಕಿವಿ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಅರ್ಧಕ್ಕೆ ಬಿಟ್ಟ ಟಿ.ಬಿ. ಮಾತ್ರೆ, ತಲೆಗೆ ಬಿದ್ದ ಪೆಟ್ಟು, ಕಾಯಿಸದ ಹಾಲು. ಇವು ನಮ್ಮ ಪ್ರತಿ ಊರಿನಲ್ಲೂ ಇವೆ. ಈ ಬಾಗಿಲುಗಳನ್ನು ಮುಚ್ಚುವುದು ನಮ್ಮ ಕೈಯಲ್ಲೇ ಇದೆ.

ಮೆದುಳಿನೊಳಗೆ ನೀರಿನ ಕೋಣೆ

ನಮ್ಮ ಮೆದುಳು ಗಟ್ಟಿ ಉಂಡೆಯಲ್ಲ. ಅದರೊಳಗೆ ಒಂದಕ್ಕೊಂದು ಕೂಡಿಕೊಂಡ ನಾಲ್ಕು ಟೊಳ್ಳು ಕೋಣೆಗಳಿವೆ. ಎಡಕ್ಕೊಂದು, ಬಲಕ್ಕೊಂದು, ನಡುವೆ ಮೂರನೆಯದು, ಹಿಂದೆ ಕೆಳಗೆ ನಾಲ್ಕನೆಯದು. ಇವುಗಳಲ್ಲಿ ತಿಳಿನೀರಿನಂತಹ ದ್ರವ ಇರುತ್ತದೆ. ಈ ದ್ರವವನ್ನು ಆ ಕೋಣೆಗಳೇ ತಯಾರಿಸುತ್ತವೆ. ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿದು, ಕೊನೆಗೆ ಹೊರಗೆ ಬಂದು, ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು, ಮತ್ತೆ ರಕ್ತಕ್ಕೆ ಸೇರುತ್ತದೆ. ವಯಸ್ಕರಲ್ಲಿ ಒಟ್ಟು ಸುಮಾರು 150 ಮಿ.ಲೀ. ದ್ರವ ಇರುತ್ತದೆ. ದಿನಕ್ಕೆ ಹೊಸದಾಗಿ ತಯಾರಾಗುವುದು ಸುಮಾರು 500 ಮಿ.ಲೀ. ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹಳೇ ನೀರು ಹೋಗಿ ಹೊಸ ನೀರು ಬರುತ್ತದೆ.

ನಮ್ಮ ಊರಿನ ಕೆರೆಗೆ ಹೋಲಿಸಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನಿಂದ ನೀರು ಬರುತ್ತಲೇ ಇದೆ, ತೂಬಿನಿಂದ ಹೋಗುತ್ತಲೇ ಇದೆ. ತೂಬಿಗೆ ಹೂಳು ಕಟ್ಟಿಕೊಂಡರೆ ಏನಾಗುತ್ತದೆ? ನೀರು ತುಂಬಿ ಏರಿಯ ಮೇಲೆ ಒತ್ತಡ ಬೀಳುತ್ತದೆ. ಮೆದುಳಿನಲ್ಲೂ ಹಾಗೆಯೇ. ಮೂರನೇ ಕೋಣೆಯಿಂದ ನಾಲ್ಕನೇ ಕೋಣೆಗೆ ಹೋಗುವ ದಾರಿ ಬಹಳ ಕಿರಿದು. ಸೋಂಕು ತಗಲಿ ಕೋಣೆಯಲ್ಲಿ ಕೀವು ಕೂಡಿದರೆ ಆ ದಾರಿ ಕಟ್ಟಿಕೊಳ್ಳಬಹುದು. ನೀರು ತಯಾರಾಗುವುದು ಮಾತ್ರ ನಿಲ್ಲುವುದಿಲ್ಲ. ಕೋಣೆಗಳು ಉಬ್ಬಿ ಮೆದುಳನ್ನು ಒಳಗಿನಿಂದ ಒತ್ತುತ್ತವೆ. ತಲೆಬುರುಡೆ ಗಟ್ಟಿ ಮೂಳೆಯಾದ್ದರಿಂದ ಹಿಗ್ಗಲು ಜಾಗವಿಲ್ಲ. ಆಗ ತಲೆನೋವು, ವಾಂತಿ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು.

ಇನ್ನೊಂದು ತೊಂದರೆಯೂ ಇದೆ. ನಾವು ನುಂಗುವ ಎಷ್ಟೋ ಔಷಧಿಗಳು ರಕ್ತದಿಂದ ಈ ಕೋಣೆಗಳಿಗೆ ಸುಲಭವಾಗಿ ಹೋಗುವುದಿಲ್ಲ. ಮೆದುಳನ್ನು ಕಾಯಲು ದೇವರು ಇಟ್ಟ ಬೇಲಿಯೇ ಇಲ್ಲಿ ಅಡ್ಡವಾಗುತ್ತದೆ. ಅದಕ್ಕೇ ಅಂಗಡಿಯಿಂದ ತಂದ ಎರಡು ಮಾತ್ರೆಯಿಂದ ಈ ಕಾಯಿಲೆ ಹೋಗುವುದಿಲ್ಲ. ಹೆಚ್ಚಿನ ಪ್ರಮಾಣದ ಔಷಧಿಯನ್ನು ನರದ ಮೂಲಕವೇ ಕೊಡಬೇಕಾಗುತ್ತದೆ.

ಮಳೆಗಾಲದಲ್ಲಿ ಕೇಳಿಬರುವ "ಮೆದುಳು ಜ್ವರ" ಎಂಬ ಜಪಾನೀಸ್ ಎನ್ಸೆಫಲೈಟಿಸ್ ಬೇರೆ. ಅದು ವೈರಸ್‌ನಿಂದ ಬರುವಂಥದ್ದು, ಸೊಳ್ಳೆಯಿಂದ ಹರಡುವಂಥದ್ದು. ಹೆಚ್ಚಾಗಿ ಮಕ್ಕಳಿಗೆ ಬರುತ್ತದೆ. ನಾವಿಲ್ಲಿ ಹೇಳುತ್ತಿರುವುದು ಬ್ಯಾಕ್ಟೀರಿಯಾ ಸೋಂಕು. ಇದಕ್ಕೆ ಔಷಧಿ ಇದೆ, ಹೊತ್ತಿಗೆ ಸರಿಯಾಗಿ ಸಿಗಬೇಕು ಅಷ್ಟೆ.

ರೋಗಾಣು ಒಳಗೆ ಬರುವ ಬಾಗಿಲುಗಳು

ಸೋರುವ ಕಿವಿ: ಕಿವಿಯ ಹಿಂದಿನ ಮೂಳೆಗೂ ಮೆದುಳಿಗೂ ನಡುವೆ ಇರುವುದು ತೆಳ್ಳನೆಯ ಗೋಡೆ. ವರ್ಷಗಟ್ಟಲೆ ಕಿವಿ ಸೋರುತ್ತಿದ್ದರೆ, ಅದೂ ಕೆಟ್ಟ ವಾಸನೆಯಿದ್ದರೆ, ಕೀವು ಆ ಮೂಳೆಯನ್ನು ಕೊರೆದು ಮೆದುಳಿಗೆ ಇಳಿಯಬಹುದು. ಅಲ್ಲಿ ಕೀವಿನ ಗಂಟು ಆಗಿ, ಅದು ನೀರಿನ ಕೋಣೆಗೆ ಒಡೆದರೆ ಜೀವ ಉಳಿಸುವುದು ಬಹಳ ಕಷ್ಟ. "ಚಿಕ್ಕಂದಿನಿಂದ ಸೋರ್ತಾ ಇದೆ, ಏನೂ ಆಗಿಲ್ಲ" ಎನ್ನುವವರು ನಮ್ಮಲ್ಲಿ ಬಹಳ. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುವುದು, ಸೊಪ್ಪಿನ ರಸ ಹಿಂಡುವುದು ಇದಕ್ಕೆ ಮದ್ದಲ್ಲ. ಕಿವಿ ವೈದ್ಯರಿಗೆ ತೋರಿಸಿ.

ತಲೆಗೆ ಪೆಟ್ಟು: ಬೈಕಿನಿಂದ ಬಿದ್ದು ತಲೆಬುರುಡೆಯ ತಳ ಬಿರುಕು ಬಿಟ್ಟರೆ ಮೂಗಿನ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುತ್ತದೆ. ನೆಗಡಿ ಎಂದು ತಿಳಿಯುತ್ತಾರೆ. ಅದು ನೆಗಡಿಯಲ್ಲ, ಮೆದುಳಿನ ನೀರು. ನೀರು ಹೊರಗೆ ಬರುವ ದಾರಿಯಲ್ಲೇ ರೋಗಾಣು ಒಳಗೆ ಹೋಗುತ್ತದೆ. ಪೆಟ್ಟು ಬಿದ್ದು ತಿಂಗಳುಗಳಾದ ಮೇಲೂ ಹೀಗಾಗಬಹುದು. ಹೆಲ್ಮೆಟ್ ಹಾಕಿ ಎಂದು ನಾವು ಹೇಳುವುದು ಪೊಲೀಸರ ದಂಡಕ್ಕೆ ಹೆದರಿ ಅಲ್ಲ.

ಸಕ್ಕರೆ ಕಾಯಿಲೆ: ಶುಗರ್ ಹತೋಟಿಯಲ್ಲಿ ಇಲ್ಲದವರ ದೇಹ ರೋಗಾಣುವಿನ ಜೊತೆ ಹೋರಾಡಲು ಸೋಲುತ್ತದೆ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇಂಥವರಲ್ಲಿ ಯಕೃತ್ತಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋದ ಉದಾಹರಣೆಗಳಿವೆ. ಹೆಚ್ಚು ಕುಡಿಯುವವರಿಗೂ, ವಯಸ್ಸಾದವರಿಗೂ, ಎಚ್.ಐ.ವಿ. ಇರುವವರಿಗೂ ಅಪಾಯ ಹೆಚ್ಚು.

ಟಿ.ಬಿ.: ಇದು ನಿಧಾನವಾಗಿ ಬರುವ ಶತ್ರು. ವಾರಗಟ್ಟಲೆ ಸಂಜೆ ಜ್ವರ, ತಲೆನೋವು, ಊಟ ಸೇರದಿರುವುದು, ಆಮೇಲೆ ಮಂಪರು. ಟಿ.ಬಿ. ರೋಗಾಣು ಮೆದುಳಿನ ತಳದಲ್ಲಿ ಅಂಟಿನಂತೆ ಕೂತು ನೀರಿನ ದಾರಿಯನ್ನೇ ಕಟ್ಟುತ್ತದೆ. ಟಿ.ಬಿ. ಪರೀಕ್ಷೆ ಮತ್ತು ಮಾತ್ರೆ ಸರ್ಕಾರದಿಂದ ಉಚಿತ. 2018ರಿಂದ ರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ.

ಕುರಿ, ಮೇಕೆ, ಹಾಲು: ನಮ್ಮದು ಕುರಿಯ ನಾಡು, ಕಂಬಳಿಯ ನಾಡು. ಕುರಿ ಮೇಕೆ ಹೊತ್ತಿಗೆ ಮುಂಚೆ ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ಎಳೆಯುವುದು, ಕಾಯಿಸದೆ ಹಸಿ ಹಾಲು ಕುಡಿಯುವುದು ಹಟ್ಟಿಗಳಲ್ಲಿ ಉಂಟು. ಬ್ರೂಸೆಲ್ಲಾ ಎಂಬ ರೋಗಾಣು ಹೀಗೆ ಮನುಷ್ಯರಿಗೆ ಬರುತ್ತದೆ. ಬಂದು ಹೋಗುವ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು ಇದರ ಗುರುತು. ಕೆಲವರಲ್ಲಿ ಅದು ಮೆದುಳಿಗೂ ಹೋಗುತ್ತದೆ. ಬಿಜಾಪುರದ ವೈದ್ಯಕೀಯ ಕಾಲೇಜಿನ ವೈದ್ಯರು 16 ವರ್ಷಗಳ ಕಾಲ ವಯಸ್ಕರಲ್ಲಿ ಈ ರೋಗವನ್ನು ಕಂಡ ಅನುಭವವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ಆದ್ದರಿಂದ ಇದು ದೂರ ದೇಶದ ರೋಗವಲ್ಲ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಹಸು ಮತ್ತು ಎಮ್ಮೆಯ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ನಿಮ್ಮ ಕರುಗಳಿಗೆ ತಪ್ಪದೆ ಹಾಕಿಸಿ. ಜ್ವರಕ್ಕೆ ವೈದ್ಯರ ಬಳಿ ಹೋದಾಗ "ನಾವು ಕುರಿ ಸಾಕ್ತೀವಿ" ಎಂದು ಹೇಳಲು ಮರೆಯಬೇಡಿ. ನೀವು ಹೇಳಿದರೇ ಅವರಿಗೆ ಆ ಪರೀಕ್ಷೆ ನೆನಪಾಗುವುದು.

ತಲೆಯಲ್ಲಿ ಕೊಳವೆ ಇರುವವರು: ಮೆದುಳಿನ ನೀರನ್ನು ಹೊಟ್ಟೆಗೆ ಹರಿಸಲು ಚರ್ಮದ ಕೆಳಗೆ ಸಣ್ಣ ಕೊಳವೆ ಹಾಕಿಸಿಕೊಂಡವರಿಗೆ ಇದು ಅತಿ ಮುಖ್ಯ. ಇದನ್ನು ಶಂಟ್ ಎನ್ನುತ್ತಾರೆ. ವಯಸ್ಕರಲ್ಲಿ ಈ ಸೋಂಕು ಹೆಚ್ಚಾಗಿ ಕಾಣುವುದೇ ಮೆದುಳಿನ ಆಪರೇಷನ್ ಆದವರಲ್ಲಿ, ಕೊಳವೆ ಹಾಕಿದವರಲ್ಲಿ. ಅದರಲ್ಲೂ ಆಪರೇಷನ್ ಆದ ಮೊದಲ ಕೆಲವು ತಿಂಗಳು ಜಾಗ್ರತೆ ಬೇಕು. ಜ್ವರ, ವಾಂತಿ, ತಲೆನೋವು, ಹೊಟ್ಟೆನೋವು, ಕೊಳವೆ ಹೋದ ಜಾಗದಲ್ಲಿ ಕೆಂಪು ಅಥವಾ ಊತ ಕಂಡರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಅದೇ ದಿನ ಹೋಗಿ.

ಗುರುತಿಸುವುದು ಹೇಗೆ?

ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಸಾಕು, ಕಾಯಬೇಡಿ:
• ಜ್ವರ
• ಹಿಂದೆಂದೂ ಬಾರದಂಥ ತಲೆನೋವು, ಜೊತೆಗೆ ವಾಂತಿ
• ಕತ್ತು ಬಿಗಿತ, ಗದ್ದವನ್ನು ಎದೆಗೆ ತಾಗಿಸಲು ಆಗದಿರುವುದು
• ಗೊಂದಲ, ಅಸಂಬದ್ಧ ಮಾತು, ವಿಪರೀತ ನಿದ್ದೆ, ಎಬ್ಬಿಸಿದರೂ ಏಳದಿರುವುದು
• ಫಿಟ್ಸ್, ಕಣ್ಣು ಮಂಜು, ಒಂದು ಕಡೆ ಕೈಕಾಲು ಸೋಲುವುದು

ಒಂದು ಮಾತು ಗಮನದಲ್ಲಿರಲಿ. ಸೋಂಕು ಒಳಕೋಣೆಗಳಲ್ಲಿ ಇರುವಾಗ, ಅದರಲ್ಲೂ ವಯಸ್ಸಾದವರಲ್ಲಿ, ಕತ್ತು ಬಿಗಿಯದೇ ಇರಬಹುದು. ಜ್ವರವೂ ಜೋರಾಗಿ ಇರಲಿಕ್ಕಿಲ್ಲ. "ಅಜ್ಜ ನಿನ್ನೆಯಿಂದ ಒಂಥರಾ ಆಡ್ತಾನೆ, ವಯಸ್ಸಾಯ್ತಲ್ಲ" ಎಂದು ಸುಮ್ಮನಾಗಬೇಡಿ. ನಿನ್ನೆ ಸರಿಯಿದ್ದವರು ಇವತ್ತು ಬದಲಾದರೆ ಅದು ವಯಸ್ಸಲ್ಲ, ಕಾಯಿಲೆ.

ಏನು ಮಾಡಬೇಕು?

2008ರ ನವೆಂಬರ್‌ನಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. ಫೋನ್ ಮಾಡಿ "ಜ್ವರ ಇದೆ, ಜ್ಞಾನ ಸರಿಯಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ. ಮಂಪರಿನಲ್ಲಿ ಇರುವವರ ಬಾಯಿಗೆ ನೀರು, ಗಂಜಿ, ಮಾತ್ರೆ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ, "ಡಾಕ್ಟ್ರೇ, ಮೊದಲ ಇಂಜೆಕ್ಷನ್ ಇಲ್ಲೇ ಕೊಡಬಹುದಾ?" ಎಂದು ವಿನಯದಿಂದ ಕೇಳಿ. ಮೆನಿಂಜೈಟಿಸ್ ಎಂಬ ಅನುಮಾನ ಇದ್ದರೆ ಆಂಟಿಬಯಾಟಿಕ್ ಕೊಡಲು ತಡ ಮಾಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಮಾತು. ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಕೊಟ್ಟು ಕಳಿಸಿದರೆ ದಾರಿಯ ಹೊತ್ತು ವ್ಯರ್ಥವಾಗುವುದಿಲ್ಲ. ಏನು ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಚಳ್ಳಕೆರೆಯವರಿಗೆ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆ ಹತ್ತಿರ. ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಹತ್ತಿರ, ನಾವೆಲ್ಲ ವಿಮ್ಸ್ ಎಂದು ಕರೆಯುತ್ತಾ ಬಂದದ್ದು ಅದನ್ನೇ. ಮೆದುಳಿನ ಆಪರೇಷನ್ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 1974ರಲ್ಲಿ ಹುಟ್ಟಿದ ಈ ಸಂಸ್ಥೆ 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿದೆ. ಹೆಸರು ಕೇಳಿ "ಅದು ಹುಚ್ಚಾಸ್ಪತ್ರೆ" ಎಂದು ಹಿಂಜರಿಯುವವರು ಈಗಲೂ ಇದ್ದಾರೆ. ಮೆದುಳು ಮತ್ತು ನರದ ಎಲ್ಲ ಕಾಯಿಲೆಗಳಿಗೂ ಅಲ್ಲಿ ಚಿಕಿತ್ಸೆ ಇದೆ. ಆದರೆ ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿ.ಮೀ. ಮೊದಲ ಇಂಜೆಕ್ಷನ್ ಆಗದೆ ಅಷ್ಟು ದೂರ ಹೊರಡುವುದು ಒಳ್ಳೆಯದಲ್ಲ.

ಹರಕೆ, ತಾಯತ, ಪ್ರಾರ್ಥನೆ ಬೇಡ ಎಂದು ನಾವು ಹೇಳುವುದಿಲ್ಲ. ನಾವೂ ಪ್ರಾರ್ಥನೆ ಮಾಡುವವರೇ. ರೋಗಿಯನ್ನು ಆಂಬುಲೆನ್ಸ್ ಹತ್ತಿಸಿ, ಆಮೇಲೆ ಮಾಡೋಣ.

ಬೆನ್ನಿಗೆ ಸೂಜಿ ಎಂದರೆ ಭಯ ಬೇಡ

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್ ಮಾಡುತ್ತಾರೆ. ಎಂ.ಆರ್.ಐ. ಸ್ಕ್ಯಾನ್‌ನಲ್ಲಿ ಕೋಣೆಗಳ ತಳದಲ್ಲಿ ಕೂತ ಕೀವು ಕಾಣುತ್ತದೆ. ಜೊತೆಗೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎನ್ನುತ್ತಾರೆ. ಇಲ್ಲಿಯೇ ನಮ್ಮ ಜನ ಹೆದರಿ ರೋಗಿಯನ್ನು ಮನೆಗೆ ಕರೆದುಕೊಂಡು ಬರುವುದು. "ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಹೋಗ್ತವೆ" ಎಂಬ ಮಾತು ಹಬ್ಬಿಬಿಟ್ಟಿದೆ.

ನಿಜ ಸಂಗತಿ ಹೀಗಿದೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ತೆಗೆಯುವುದು ಕೆಲವೇ ಮಿ.ಲೀ. ನೀರು. ದೇಹ ಗಂಟೆಗೆ ಸುಮಾರು 20 ಮಿ.ಲೀ. ತಯಾರಿಸುವುದರಿಂದ ತೆಗೆದದ್ದು ಸ್ವಲ್ಪ ಹೊತ್ತಿನಲ್ಲೇ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. 1891ರಲ್ಲಿ ಜರ್ಮನಿಯ ವೈದ್ಯ ಕ್ವಿಂಕೆ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಜಗತ್ತಿನಾದ್ಯಂತ ಇದು ನಡೆದುಬಂದಿದೆ. ಯಾವ ರೋಗಾಣು, ಯಾವ ಔಷಧಿ ಎಂದು ತಿಳಿಯುವುದು ಈ ನೀರಿನಿಂದಲೇ. ತಲೆಯೊಳಗೆ ಒತ್ತಡ ಹೆಚ್ಚಿದ್ದರೆ ಇದನ್ನು ಮಾಡುವುದು ಅಪಾಯ. ಅದಕ್ಕೇ ಅನುಮಾನ ಇದ್ದವರಿಗೆ ಮೊದಲು ಸ್ಕ್ಯಾನ್ ಮಾಡಿ ನೋಡುತ್ತಾರೆ.

ಔಷಧಿಯನ್ನು ನರದ ಮೂಲಕ ಕನಿಷ್ಠ ಎರಡು ವಾರ, ಕೆಲವರಿಗೆ ಆರು ವಾರದವರೆಗೂ ಕೊಡಬೇಕಾಗುತ್ತದೆ. ನೀರು ಕಟ್ಟಿಕೊಂಡಿದ್ದರೆ ತಲೆಗೆ ಸಣ್ಣ ರಂಧ್ರ ಮಾಡಿ, ಕೊಳವೆಯಿಂದ ಕೆಟ್ಟ ನೀರನ್ನು ಹೊರಗೆ ಬಿಡುತ್ತಾರೆ. ಕೆಲವೊಮ್ಮೆ ಅದೇ ಕೊಳವೆಯಿಂದ ಔಷಧಿಯನ್ನು ನೇರವಾಗಿ ಕೋಣೆಗೇ ಹಾಕುತ್ತಾರೆ. ಇದು ಹೊಸ ಆಲೋಚನೆಯೇನಲ್ಲ. 1942ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಮೆನಿಂಜೈಟಿಸ್‌ನಿಂದ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ರೋಗಿಯ ಬೆನ್ನಿನ ನೀರಿಗೇ ಪೆನ್ಸಿಲಿನ್ ಹಾಕಿ ಬದುಕಿಸಿದ್ದರು.

ಇಷ್ಟೆಲ್ಲ ಇದ್ದರೂ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಬಂದ ಆರು ಜನರಲ್ಲಿ ಒಬ್ಬರು ಸಾಯುತ್ತಾರೆ, ಬದುಕಿ ಉಳಿದ ಐವರಲ್ಲಿ ಒಬ್ಬರಿಗೆ ತೀವ್ರ ತೊಂದರೆ ಉಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋಣೆಗಳಿಗೆ ಇಳಿದರೆ ಅಪಾಯ ಇನ್ನೂ ಹೆಚ್ಚು. ತಡ ಮಾಡಬೇಡಿ ಎಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಖರ್ಚಿನ ಮಾತು

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಕಾಯಬೇಕಿಲ್ಲ. ಹೊರಡುವಾಗ ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಕುರಿ ಮಾರಬೇಕಾ, ಶೇಂಗಾ ಮಾರಬೇಕಾ ಎಂದು ಒಂದು ದಿನ ಯೋಚಿಸುತ್ತ ಕೂರಬೇಡಿ. ಸ್ವಸಹಾಯ ಸಂಘದಲ್ಲಿ ತುರ್ತು ಸಾಲಕ್ಕೆಂದು ಸ್ವಲ್ಪ ಹಣ ಬೇರೆ ಇಟ್ಟಿದ್ದರೆ ಬಾಡಿಗೆ, ಊಟದ ಖರ್ಚಿಗೆ ಒದಗುತ್ತದೆ. ಇಲ್ಲದ ಸಂಘಗಳು ಮುಂದಿನ ಸಭೆಯಲ್ಲೇ ಈ ವಿಷಯ ತೆಗೆದುಕೊಳ್ಳಿ.

ಸಭೆಗಳಲ್ಲಿ ಕೇಳುವ ಪ್ರಶ್ನೆಗಳು

ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ?
ಹೆಚ್ಚಿನವು ಅಂಟುವುದಿಲ್ಲ. ರೋಗಿಯ ಜೊತೆ ಊಟ ಮಾಡಬಹುದು, ಬಟ್ಟೆ ಒಗೆಯಬಹುದು. ಮೆನಿಂಗೊಕಾಕಸ್‌ನಂಥ ಕೆಲವು ರೋಗಾಣುಗಳು ಹತ್ತಿರ ಇದ್ದವರಿಗೆ ಹರಡಬಲ್ಲವು. ಹಾಗಿದ್ದರೆ ವೈದ್ಯರೇ ಮನೆಯವರಿಗೆಲ್ಲ ಮುಂಜಾಗ್ರತೆಯ ಔಷಧಿ ಕೊಡುತ್ತಾರೆ. ಟಿ.ಬಿ. ಇದ್ದರೆ ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಜ್ವರ ಬಿಟ್ಟ ಮೇಲೆ ಡಿಸ್ಚಾರ್ಜ್ ಮಾಡಿಸಿಕೊಂಡು ಬರಬಹುದೇ?
ಬೇಡ. ಜ್ವರ ಬಿಟ್ಟರೂ ಕೋಣೆಯ ಮೂಲೆಯಲ್ಲಿ ರೋಗಾಣು ಉಳಿದಿರುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಬರುತ್ತದೆ, ಹಳೇ ಔಷಧಿಗೆ ಬಗ್ಗುವುದೂ ಇಲ್ಲ.

ಗುಣವಾದ ಮೇಲೆ ಮೊದಲಿನಂತೆ ಆಗುತ್ತಾರೆಯೇ?
ಹಲವರು ಆಗುತ್ತಾರೆ. ಕೆಲವರಿಗೆ ಕಿವಿ ಕೇಳಿಸದಿರುವುದು, ಮರೆವು, ಸಿಟ್ಟು, ಫಿಟ್ಸ್ ಉಳಿಯಬಹುದು. ಬಿಡುಗಡೆಯಾದ ಮೇಲೆ ಕಿವಿಯ ಪರೀಕ್ಷೆ ತಪ್ಪದೆ ಮಾಡಿಸಿ. ಮೊದಲಿನಷ್ಟು ಚುರುಕಿಲ್ಲ ಎಂದು ಬೈಯಬೇಡಿ. ಮೆದುಳಿಗೆ ಪೆಟ್ಟಾದವರಿಗೆ ತಿಂಗಳುಗಳ ವಿಶ್ರಾಂತಿ ಬೇಕು. ವಾರಗಳ ನಂತರ ಮತ್ತೆ ತಲೆನೋವು, ವಾಂತಿ, ನಡೆಯುವಾಗ ತೂರಾಡುವುದು ಕಂಡರೆ ನೀರು ಕಟ್ಟಿಕೊಂಡಿರಬಹುದು, ಕೂಡಲೇ ತೋರಿಸಿ.

ಕೊನೆಯ ಮಾತು

ದಯಾಮಯ ಸಮಾರಿಯದವನ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ದಾರಿಯಲ್ಲಿ ಬಿದ್ದವನನ್ನು ಕಂಡು ಆತ ಕನಿಕರಪಟ್ಟು ಸುಮ್ಮನಾಗಲಿಲ್ಲ. ಗಾಯಕ್ಕೆ ಅಲ್ಲೇ ಉಪಚಾರ ಮಾಡಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಸಾಗಿಸಿದ, ಖರ್ಚಿಗೆ ಹಣ ಕೊಟ್ಟ, ಮತ್ತೆ ಬಂದು ವಿಚಾರಿಸುತ್ತೇನೆ ಎಂದ. ಮೊದಲ ಚಿಕಿತ್ಸೆ, ಸಾಗಾಟ, ಹಣದ ನೆರವು, ಆಮೇಲಿನ ಆರೈಕೆ. ಜ್ವರ ತಲೆಗೇರಿದ ರೋಗಿಗೂ ಬೇಕಾದದ್ದು ಈ ನಾಲ್ಕೇ. ಇವುಗಳಲ್ಲಿ ಯಾವುದಕ್ಕೂ ನಾವು ಡಾಕ್ಟರ್ ಆಗಿರಬೇಕಿಲ್ಲ, ಹೊತ್ತಿಗೆ ಎದ್ದು ನಿಲ್ಲುವ ನೆರೆಯವರಾಗಿದ್ದರೆ ಸಾಕು.

ಈ ವಾರ ಪ್ರತಿ ಸಂಘದವರೂ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಕಿವಿ ಸೋರುವವರು ಯಾರಿದ್ದಾರೆ, ಟಿ.ಬಿ. ಮಾತ್ರೆ ಬಿಟ್ಟವರು ಯಾರಿದ್ದಾರೆ, ತಲೆಯಲ್ಲಿ ಕೊಳವೆ ಇರುವವರು ಯಾರಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಅವರನ್ನು ಆಶಾ ಕಾರ್ಯಕರ್ತೆಯ ಜೊತೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಕರಪತ್ರವನ್ನು ಓದಿ ಮುಗಿಸಿ, ಓದು ಬಾರದ ಒಬ್ಬರಿಗಾದರೂ ಓದಿ ಹೇಳಿ.